ಜಂಟಿ ಖಾತೆಯಲ್ಲಿರುವ ಹಣವು ಯಾರದು?

ಮದುವೆಯಾಗಿ ಒಂದೆರಡು ತಿಂಗಳಾದ ಗಂಡಹೆಂಡರು ಬ್ಯಾಂಕಿಗೆ ಹೋಗಿ ತಮ್ಮಿಬ್ಬರ ಹೆಸರಿನಲ್ಲಿ ಒಂದು ಖಾತೆಯನ್ನು ತೆರೆಯಬೇಕೆಂದು ಕೇಳಿದರೆ, ಅಲ್ಲಿಯ ಗುಮಾಸ್ತನು ಅವರ ಮುಂದೆ ಒಂದು ಅರ್ಜಿಯನ್ನು ಇಡುವನು. ಹೆಸರು, ಊರು, ವಯಸ್ಸು, ಉದ್ಯೋಗ ಇವುಗಳನ್ನು ಬರೆಯುವದು ಅವರಿಗೆ ಕಷ್ಟವಲ್ಲ. ಆದರೆ ಆ ಅರ್ಜಿಯಲ್ಲಿ ಖಾತೆಯನ್ನು ನಡಿಸುವ ಕ್ರಮವೇನೆಂಬದಕ್ಕೆ ಒಂದು ಸಣ್ಣ ಅಂಕಣವುಂಟು. "ಇಬ್ಬರಲ್ಲಿ ಯಾರು ಬಂದರೂ ಹಣ ಕೊಡಬಹುದೋ, ಇಬ್ಬರ ರುಜುವೂ ಬೇಕೋ?" ಎಂದು ಗುಮಾಸ್ತನು ಕೇಳಿದಾಗ ಹೆಂಡತಿಯು, "ಅವರನ್ನೇ ಕೇಳಿರಿ" ಎನ್ನುವಳು. ಗಂಡನು, "ಎಲ್ಲರೂ ಹೇಗೆ ಮಾಡುತ್ತಾರೋ ಹಾಗೆಯೇ ಬರಕೊಳ್ಳಿರಿ" ಎನ್ನುವನು. ಸಭೆಯ ಮುಂದೆ ನಿಂತು ಬಾಳೆಲ್ಲಾ ಒಂದಾಗಿರುವೆವೆಂದು ತಡವರಿಸದೆ ನುಡಿದವರು ಈ ಅಂಗುಲದಷ್ಟು ಅಂಕಣದ ಮುಂದೆ ಒಬ್ಬರ ಮುಖವನ್ನೊಬ್ಬರು ನೋಡುತ್ತಾ ನಿಲ್ಲುವದನ್ನು ಕಂಡು ಕೆಲವರು ನಗಬಹುದು. ನಮಗಾದರೋ ಅದು ನಗುವ ಸಂಗತಿಯಾಗಿ ತೋರುವದಿಲ್ಲ. ಯಾಕಂದರೆ ಮನೆಯ ಹಣವು ಯಾರದು ಎಂಬ ಪ್ರಶ್ನೆಯನ್ನು ಅವರ ತಂದೆತಾಯಿಗಳೂ ಹಿರಿಯರೂ ಯಾರೂ ಅವರಿಗೆ ಕೇಳಿರಲಿಲ್ಲ. ಮೊದಲು ಕೇಳಿದವನು ಆ ಗುಮಾಸ್ತನೇ.

ವಾಚಕರೇ, ಈ ಪ್ರಶ್ನೆಯನ್ನು ಕುರಿತು ಸ್ವಲ್ಪ ನಿಧಾನವಾಗಿ ಆಲೋಚಿಸೋಣ. ಮೊದಲು ಖಾತೆಯ ಸಂಗತಿಯನ್ನು ತಿಳಿದುಕೊಳ್ಳುವದು ಒಳ್ಳೇದು. ತಿಳಿಯದೆ ಹಾಕಿದ ರುಜುವಿನಿಂದ ಎಷ್ಟೋ ಮನೆಗಳಲ್ಲಿ ದುಃಖವುಂಟಾಗಿದೆ.

ಗಂಡಹೆಂಡರ ಜಂಟಿ ಖಾತೆಯನ್ನು ಹೆಚ್ಚಾಗಿ "ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು" ಎಂಬ ಕ್ರಮದಲ್ಲಿ ತೆರೆಯುವರು. ಹೀಗೆ ತೆರೆದ ಖಾತೆಯಿಂದ ಗಂಡನೊಬ್ಬನೇ ಆಗಲಿ ಹೆಂಡತಿಯೊಬ್ಬಳೇ ಆಗಲಿ ಎಷ್ಟು ಹಣವನ್ನಾದರೂ ತೆಗೆಯಬಹುದು. ಇನ್ನೊಬ್ಬರ ಒಪ್ಪಿಗೆಯುಂಟೋ ಎಂದು ಬ್ಯಾಂಕಿನವರು ಕೇಳುವದಿಲ್ಲ. ಒಬ್ಬರು ತೀರಿಹೋದರೆ ಉಳಿದವರಿಗೆ ಹಣವನ್ನು ಕೊಡುವರು. ಇನ್ನೊಂದು ಕ್ರಮವು "ಮೊದಲನೆಯವರು ಅಥವಾ ಉಳಿದವರು" ಎಂಬದು. ಇದರಲ್ಲಿ ಮೊದಲನೆಯ ಹೆಸರಿನವರು ಜೀವದಿಂದಿರುವ ತನಕ ಅವರೊಬ್ಬರೇ ಖಾತೆಯನ್ನು ನಡಿಸುವರು; ಎರಡನೆಯವರಿಗೆ ಅವರ ಮರಣದ ತರುವಾಯವೇ ಅಧಿಕಾರ. ನಮ್ಮ ಸಹೋದರಿಯರಲ್ಲಿ ಕೆಲವರು, ಪಾಸುಪುಸ್ತಕದಲ್ಲಿ ತಮ್ಮ ಹೆಸರು ಅಚ್ಚಾಗಿರುವದನ್ನು ನೋಡಿ, ಖಾತೆಯಲ್ಲಿ ತಮಗೂ ಸಮಪಾಲಿದೆ ಎಂದು ಹತ್ತು ವರುಷ ನಂಬಿಕೊಂಡಿದ್ದು, ಒಂದು ದಿನ ಮಗುವಿನ ಔಷಧಕ್ಕಾಗಿ ಹಣ ತೆಗೆಯಲು ಹೋಗಿ, ಬರಿಗೈಯಲ್ಲಿ ಹಿಂದಿರುಗಿದ್ದುಂಟು. ಆ ಖಾತೆಯು ಹೆಸರಿಗೆ ಜಂಟಿ, ನಡತೆಯಲ್ಲಿ ಒಂಟಿ. ಮೂರನೆಯ ಕ್ರಮವು ಇಬ್ಬರೂ ಕೂಡಿ ರುಜು ಹಾಕತಕ್ಕದ್ದು. ಮನೆ ಕಟ್ಟಿಸುವದಕ್ಕೋ ಮಕ್ಕಳ ಓದಿಗೋ ಕೂಡಿಡುವ ಹಣಕ್ಕೆ ಇದು ತಕ್ಕದ್ದೇ. ಆದರೆ ಅಕ್ಕಿ, ಉಪ್ಪು, ಬಸ್ಸಿನ ಚಾರ್ಜು, ಶಾಲೆಯ ನೋಟುಪುಸ್ತಕ ಇವುಗಳ ವೆಚ್ಚಕ್ಕೆ ಪ್ರತಿಸಾರಿ ಇಬ್ಬರೂ ಪೇಟೆಗೆ ಹೋಗಲಾದೀತೇ? ಇಂಥ ಖಾತೆಗೆ ಸಾಮಾನ್ಯವಾಗಿ ಎ.ಟಿ.ಎಂ. ಕಾರ್ಡನ್ನೂ ಕೊಡುವದಿಲ್ಲ.

ಆದದರಿಂದ ದಿನದಿನದ ವೆಚ್ಚಕ್ಕೆ ಒಪ್ಪುವದು ಮೊದಲು ಹೇಳಿದ ಕ್ರಮವೇ. ಅದರಲ್ಲಿ ಒಂದು ದೊಡ್ಡ ಸ್ವಾತಂತ್ರ್ಯವುಂಟು. ದೊಡ್ಡ ಅಪಾಯವೂ ಉಂಟು. ಹೆಂಡತಿಯು ಮೂರು ವರುಷ ಬೀಡಿ ಕಟ್ಟಿ ಮಗನ ಕಾಲೇಜಿಗೆಂದು ಕೂಡಿಸಿಟ್ಟ 30,000 ರೂಪಾಯಿಯನ್ನು ಗಂಡನು ಒಂದೇ ಮಧ್ಯಾಹ್ನದಲ್ಲಿ ತೆಗೆದು ತನ್ನ ಅಣ್ಣನ ಸಾಲಕ್ಕೆ ಕೊಟ್ಟನೆಂದು ಇಟ್ಟುಕೊಳ್ಳೋಣ. ಬ್ಯಾಂಕಿನವರು ತಪ್ಪು ಮಾಡಿದರೆನ್ನಲಾಗದು. ಇಬ್ಬರಲ್ಲಿ ಯಾರಿಗಾದರೂ ಕೊಡಿರೆಂದು ಆಕೆಯೇ ಬರೆದುಕೊಟ್ಟಿದ್ದಾಳೆ. ಕಳ್ಳತನವಾಯಿತೆಂದು ಪೋಲೀಸರಲ್ಲಿಗೆ ಹೋದರೂ ಅವರು ಗಂಡಹೆಂಡರ ಜಗಳವೆಂದು ಮನೆಗೆ ಕಳುಹಿಸುವರು. ಹಾಗಾದರೆ ಅವನು ಮಾಡಿದ್ದು ನ್ಯಾಯವೋ? ಬ್ಯಾಂಕು ಕೊಡಲು ಬದ್ಧವಾಗಿದೆ ಎಂಬದು ಒಂದು ಮಾತು, ತೆಗೆದುಕೊಳ್ಳುವದಕ್ಕೆ ತನಗೆ ನ್ಯಾಯವುಂಟೆಂಬದು ಬೇರೊಂದು ಮಾತು. ಎಷ್ಟೋ ಮಂದಿ ವಿದ್ಯಾವಂತರು ಸಹ ಈ ಎರಡನ್ನೂ ಒಂದೇ ಎಂದೆಣಿಸುತ್ತಾರೆ. "ಜಂಟಿ ಖಾತೆಯಲ್ಲವೇ? ನನ್ನ ಹೆಸರೂ ಇದೆಯಲ್ಲಾ!" ಎಂಬದು ಅವರ ಉತ್ತರ. ಬಾಗಿಲಿಗೆ ಎರಡು ಬೀಗದ ಕೈಗಳಿದ್ದು ಒಂದು ನಮ್ಮಲ್ಲಿದ್ದರೆ, ಮನೆಯೊಳಗಿರುವದೆಲ್ಲವೂ ನಮ್ಮೊಬ್ಬರದೇ ಎಂದಾಗುವದಿಲ್ಲ.

ಇಲ್ಲಿ ಪ್ರಾಸಂಗಿಕವಾಗಿ ಒಂದನ್ನು ಹೇಳುವೆವು. ಜಂಟಿ ಖಾತೆಯ ಚೆಕ್ಕನ್ನು ಒಬ್ಬರು ಬರೆದು, ಹಣವಿಲ್ಲದೆ ಅದು ಹಿಂದಿರುಗಿದರೆ, ಇನ್ನೊಬ್ಬರಿಗೂ ದಂಡನೆಯಾಗುವದೋ ಎಂಬ ಹೆದರಿಕೆ ಹಲವರಿಗುಂಟು. ಆ ಚೆಕ್ಕಿಗೆ ರುಜು ಹಾಕದ ಪಾಲುಗಾರರ ಮೇಲೆ ಅಪರಾಧದ ಮೊಕದ್ದಮೆ ನಡೆಯಲಾರದೆಂದು ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ತೀರ್ಪು ಕೊಟ್ಟಿದೆ. ಆ ಸಂಗತಿಯಲ್ಲಿಯೂ ರುಜು ಹಾಕದೆ ಇದ್ದವಳು ಹೆಂಡತಿಯೇ. ಖಾತೆಯು ಒಂದಾದರೂ ಅಪರಾಧವು ಒಂದಾಗುವದಿಲ್ಲವೆಂದು ಕಾನೂನು ಒಪ್ಪುತ್ತದೆ.

ಹಣವು ಯಾರದೆಂಬ ಮುಖ್ಯ ಪ್ರಶ್ನೆಗೆ ಹಿಂದಿರುಗೋಣ. ಪೂರ್ವಕಾಲದಲ್ಲಿ ಇಂಗ್ಲೆಂಡಿನ ಕಾನೂನು ಇದಕ್ಕೆ ಬಹು ಸುಲಭವಾದ ಉತ್ತರವನ್ನು ಕೊಡುತ್ತಿತ್ತು. ಹೆಂಡತಿಯು ದುಡಿದ ಕೂಲಿಯೂ ಗಂಡನದೇ. ಅಲ್ಲಿ 1870ರ ಕಾಯಿದೆಯಿಂದ ಹೆಂಡತಿಯ ಸಂಪಾದನೆಯು ಅವಳದೆಂದಾಯಿತು. 1882ರಲ್ಲಿ ಅವಳ ಆಸ್ತಿಯೆಲ್ಲವೂ ಅವಳದೆಂದಾಯಿತು. ನಮ್ಮ ದೇಶದಲ್ಲಿ 1874ರಲ್ಲಿಯೇ ವಿವಾಹಿತ ಸ್ತ್ರೀಯರ ಸ್ವತ್ತಿನ ಕಾಯಿದೆಯು ಬಂದಿತು. ಹಿಂದೂ, ಮುಸಲ್ಮಾನ, ಬೌದ್ಧ, ಸಿಖ್ಖ, ಜೈನ ಸ್ತ್ರೀಯರನ್ನು ಅದು ತನ್ನ ನಿಯಮಗಳಿಂದ ಹೊರಗಿಟ್ಟಿತ್ತು. ಕ್ರೈಸ್ತ ಸ್ತ್ರೀಯರಿಗೆ ಅದು ಸಲ್ಲುವದಾಗಿತ್ತು. ಮದುವೆಯಾದವಳು ತನ್ನ ಸ್ವಂತ ಉದ್ಯೋಗದಿಂದ ಗಳಿಸಿದ ಸಂಬಳವು ಅವಳ ಪ್ರತ್ಯೇಕ ಸ್ವತ್ತೆಂದು ಅದರಲ್ಲಿ ಹೇಳಿದೆ. 1925ರ ಉತ್ತರಾಧಿಕಾರದ ಕಾಯಿದೆಯಲ್ಲಿಯೂ, ಮದುವೆಯಾದ ಮಾತ್ರದಿಂದ ಒಬ್ಬರ ಸ್ವತ್ತಿನಲ್ಲಿ ಇನ್ನೊಬ್ಬರಿಗೆ ಹಕ್ಕು ಬರುವದಿಲ್ಲವೆಂಬ ನಿಯಮವುಂಟು. ಹೀಗಿರಲಾಗಿ, "ಹೆಂಡತಿಯ ಸಂಬಳವೆಂದರೆ ನನ್ನ ಸಂಬಳವೇ" ಎಂದು ಜಗಲಿಯ ಮೇಲೆ ಕೂತು ಹೇಳುವ ಸಹೋದರನು 150 ವರುಷಗಳ ಹಿಂದೆಯೇ ಹೋದ ಒಂದು ಕಾನೂನನ್ನು ಆಡುತ್ತಿದ್ದಾನೆ.

ಆದರೆ ಸಂಬಳವಿಲ್ಲದ ಹೆಂಡತಿಯ ಸಂಗತಿಯೇನು? ನಮ್ಮ ಗ್ರಾಮಗಳಲ್ಲಿ ಇಂಥವರೇ ಹೆಚ್ಚು. ಈ ವಿಷಯದಲ್ಲಿ ಇಂಗ್ಲೆಂಡಿನ ಒಂದು ವ್ಯಾಜ್ಯವನ್ನು ವಾಚಕರ ಮುಂದಿಡುವೆವು. 1943ರಲ್ಲಿ ಅಲ್ಲಿಯ ಮೇಲಿನ ನ್ಯಾಯಾಲಯದ ಮುಂದೆ ಒಬ್ಬ ಗಂಡನೂ ಅವನಿಂದ ಬೇರೆಯಾಗಿದ್ದ ಹೆಂಡತಿಯೂ ನಿಂತರು. ಮನೆವಾರ್ತೆಗೆಂದು ಗಂಡನು ಕೊಡುತ್ತಿದ್ದ ಹಣದಲ್ಲಿ ಆಕೆಯು ಮಿತವಾಗಿ ವೆಚ್ಚಮಾಡಿ ನೂರು ಪೌಂಡಿಗಿಂತ ಸ್ವಲ್ಪ ಹೆಚ್ಚಾದ ಹಣವನ್ನು ಒಂದು ಸಹಕಾರ ಸಂಘದಲ್ಲಿ ತನ್ನ ಹೆಸರಿನಲ್ಲಿ ಕೂಡಿಸಿದ್ದಳು. ಆ ಹಣವು ಯಾರದು? ನ್ಯಾಯಾಧಿಪತಿಗಳು ಅದನ್ನು ಗಂಡನದೆಂದು ತೀರ್ಪು ಕೊಟ್ಟರು. ಅವನು ಮನೆಯ ವೆಚ್ಚಕ್ಕೆಂದು ಕೊಟ್ಟನು. ವೆಚ್ಚವಾಗದೆ ಉಳಿದದ್ದು ಕೊಟ್ಟವನದೇ ಎಂಬದು ಅವರ ತರ್ಕ.

ಈ ತರ್ಕವನ್ನು ಮೊದಲು ಕೇಳುವಾಗ ಸರಿಯೆಂದೇ ತೋರುವದು. ಆದರೆ ಉಳಿಕೆ ಎಂಬದು ಹೇಗೆ ಉಂಟಾಗುತ್ತದೆಂದು ವಿಚಾರಿಸಿರಿ. ಸಂತೆಯ ಕೊನೆಯ ಹೊತ್ತಿಗೆ ಹೋಗಿ ಅಗ್ಗವಾದ ತರಕಾರಿಯನ್ನು ತರುವದು, ಹಿರಿಯವನ ಅಂಗಿಯನ್ನು ಬಿಚ್ಚಿ ಕಿರಿಯವನಿಗೆ ಹೊಲಿಯುವದು, ತಾನು ಚಹಾ ಬಿಡುವದು, ರಾತ್ರಿ ಉಳಿದ ಅನ್ನವನ್ನು ಬೆಳಿಗ್ಗೆ ಒಗ್ಗರಣೆ ಹಾಕಿ ಕೊಡುವದು, ಇವುಗಳಿಂದಲ್ಲವೇ? ಗಂಡನು ಕೊಟ್ಟ ಹಣವು ಅಷ್ಟೇ. ಅದರಲ್ಲಿ ಉಳಿಕೆಯನ್ನು ಹುಟ್ಟಿಸಿದವಳು ಹೆಂಡತಿ. ಬೇರೊಬ್ಬಳಾಗಿದ್ದರೆ ಅದೇ ಹಣವು ತಿಂಗಳ ಇಪ್ಪತ್ತನೆಯ ತಾರೀಖಿಗೆ ಮುಗಿದು ಸಾಲವಾಗುತ್ತಿತ್ತು. ದುಂದುಗಾರ್ತಿಗೆ ಏನೂ ನಷ್ಟವಿಲ್ಲ, ಮಿತವ್ಯಯಿಗೆ ಮಾತ್ರ ನಷ್ಟವೆಂದಾಗುವ ಕಾನೂನು ನೀತಿಗೆ ದೂರವಾದದ್ದು. ಇದನ್ನು ಅಲ್ಲಿಯವರೂ ಕ್ರಮೇಣ ಕಂಡುಕೊಂಡು, 1964ರಲ್ಲಿ ಬೇರೆ ಕಾಯಿದೆಯನ್ನು ಮಾಡಿ, ಗಂಡನು ಮನೆವೆಚ್ಚಕ್ಕೆ ಕೊಟ್ಟ ಹಣದಲ್ಲಿ ಉಳಿದದ್ದೂ ಅದರಿಂದ ಕೊಂಡ ವಸ್ತುವೂ, ಬೇರೆ ಒಪ್ಪಂದವಿಲ್ಲದಿದ್ದರೆ, ಇಬ್ಬರಿಗೂ ಸಮಭಾಗವೆಂದು ಗೊತ್ತುಮಾಡಿದರು.

ಸಮುದ್ರದಾಚೆಯ ಸಂಗತಿ ನಮಗೇಕೆ ಎನ್ನುವವರು ತಮ್ಮ ಊರಿನ ಹಾಲಿನ ಸೊಸೈಟಿಗೆ ಹೋಗಿ ನೋಡಲಿ. ಹುಲ್ಲು ತರುವವಳು, ಸಗಣಿ ಬಾಚುವವಳು, ನಸುಕಿನಲ್ಲಿ ಎದ್ದು ಕರೆಯುವವಳು, ಕ್ಯಾನು ಹೊತ್ತು ಸೊಸೈಟಿಗೆ ಹಾಕುವವಳು ಹೆಂಡತಿ. ಸದಸ್ಯತ್ವವು ಎಷ್ಟೋ ಮನೆಗಳಲ್ಲಿ ಗಂಡನ ಹೆಸರಿನಲ್ಲಿ, ಹಾಲಿನ ಬಟವಾಡೆ ಬೀಳುವದು ಅವನ ಖಾತೆಗೆ. ಅವನು ಕೆಟ್ಟವನೆಂದು ನಾವು ಹೇಳುವದಿಲ್ಲ. ಕೇಳಿದರೆ ಕೊಡುತ್ತಾನೆ, ಹಲವು ಸಾರಿ ಕೇಳದೆಯೂ ಕೊಡುತ್ತಾನೆ. ಆದರೆ "ಕೇಳಿದರೆ ಕೊಡುತ್ತಾನೆ" ಎಂಬ ಈ ಮಾತಿನಲ್ಲಿಯೇ ತೊಡಕು ಇದೆ. ತನ್ನ ದುಡಿತದ ಹಣವನ್ನು ಕೇಳಿ ಪಡೆಯುವವಳು, ದಾನವನ್ನು ಪಡೆದವಳಂತೆ ಕೃತಜ್ಞಳಾಗಿರಬೇಕಾಗುತ್ತದೆ. ವರುಷಗಟ್ಟಲೆ ಹೀಗೆ ನಡೆದರೆ ಕೊಡುವವನು ತನ್ನನ್ನು ದಾನಿಯೆಂದೇ ನಂಬಿಬಿಡುವನು. ಇಬ್ಬರ ಮನಸ್ಸೂ ಕೆಡುವದಕ್ಕೆ ಇದು ಸಾಕು.

ಇದೇ ಕಾರಣದಿಂದ ನಮ್ಮ ಅಡಿಗೆಮನೆಗಳಲ್ಲಿ ಸಾಸಿವೆ ಡಬ್ಬಿ ಎಂಬ ಬ್ಯಾಂಕು ಬಹುಕಾಲದಿಂದ ನಡೆದುಬಂದಿದೆ. ಅದರ ಖಾತೆಯ ಸಂಗತಿ ಗಂಡನಿಗೆ ಗೊತ್ತಿಲ್ಲ; ಗೊತ್ತಿದ್ದರೂ ಗೊತ್ತಿಲ್ಲದವನಂತೆ ಇರುವನು. 2016ನೇ ನವಂಬರ 8ರ ರಾತ್ರಿ 500 ಮತ್ತು 1,000 ರೂಪಾಯಿಯ ನೋಟುಗಳು ಇನ್ನು ಸಲ್ಲವೆಂದು ಪ್ರಕಟವಾದಾಗ, ಆ ಡಬ್ಬಿಗಳೆಲ್ಲಾ ಮುಚ್ಚಳ ತೆಗೆಯಬೇಕಾಯಿತು. ಡಿಸೆಂಬರ 30ರೊಳಗೆ ನೋಟುಗಳನ್ನು ಬ್ಯಾಂಕಿಗೆ ಕಟ್ಟಬೇಕು. ಸ್ವಂತ ಖಾತೆಯಿಲ್ಲದವಳು ಯಾರ ಖಾತೆಗೆ ಕಟ್ಟುವಳು? ಗಂಡನ ಕೈಯಲ್ಲಿಯೇ ಕೊಡಬೇಕು. ಅಂದು ಎಷ್ಟೋ ಮನೆಗಳಲ್ಲಿ ಹೆಂಡತಿಯು ಸೀರೆಯ ಮಡಿಕೆಯಿಂದಲೂ ಅಕ್ಕಿಯ ಪೆಟ್ಟಿಗೆಯಿಂದಲೂ ನೋಟುಗಳನ್ನು ತೆಗೆದು ತಲೆ ತಗ್ಗಿಸಿ ಗಂಡನ ಮುಂದಿಟ್ಟಳು. ಕೆಲವರು ಬೆರಗಾದರು. ಕೆಲವರು ಹೊಗಳಿದರು. "ಇಷ್ಟು ದಿನ ನನ್ನನ್ನು ವಂಚಿಸಿದೆಯಾ?" ಎಂದು ಗದರಿಸಿದವರೂ ಉಂಟು. ಮನೆಗೆ ಆಪತ್ತು ಬಂದರೆ ಕೈಗೆ ಸಿಗಲೆಂದು ಕಾಸುಕಾಸಾಗಿ ಇಟ್ಟವಳು ಆ ದಿನ ಅಪರಾಧಿಯಂತೆ ನಿಂತಳು.

ಅವಳು ವಂಚಿಸಿದಳೋ? ನೀತಿಯ ವಿಷಯದಲ್ಲಿ ಇದು ಸುಲಭವಾದ ಪ್ರಶ್ನೆಯಲ್ಲ. ಗಂಡಹೆಂಡರ ನಡುವೆ ಮರೆಮಾಚುವದು ಒಳ್ಳೇದಲ್ಲವೆಂದು ಬೋಧಿಸುವವರಲ್ಲಿ ನಾವೂ ಸೇರಿದ್ದೇವೆ. ಬೆಲೆ 80 ರೂಪಾಯಿಯಾದರೆ 100 ಎಂದು ಹೇಳಿ 20 ರೂಪಾಯಿ ತೆಗೆದಿಡುವದು ಸುಳ್ಳೇ. ಅದನ್ನು ಬೇರೆ ಹೆಸರಿನಿಂದ ಕರೆಯಲಾರೆವು. ಆದರೂ ಒಂದು ಸುಳ್ಳನ್ನು ತೂಗುವಾಗ ಅದನ್ನು ಹೇಳುವಂತೆ ಮಾಡಿದವರನ್ನೂ ತಕ್ಕಡಿಯಲ್ಲಿ ಇಡಬೇಕಲ್ಲವೇ? ಹಣವಿದೆಯೆಂದು ತಿಳಿದರೆ ಕುಡಿದುಬಿಡುವ ಗಂಡನ ಮನೆಯಲ್ಲಿ ಮಕ್ಕಳ ಅನ್ನಕ್ಕಾಗಿ ಬಚ್ಚಿಟ್ಟದ್ದು ಒಂದು. ಒಳ್ಳೆಯವನಾದ ಗಂಡನಿಂದ ತನ್ನ ತವರಿಗೆ ಸಾಗಿಸುವದಕ್ಕಾಗಿ ಬಚ್ಚಿಟ್ಟದ್ದು ಇನ್ನೊಂದು. ಕೈಯ ಕೆಲಸವು ಒಂದೇ ಆದರೂ ಮನಸ್ಸಿನ ಕೆಲಸವು ಬೇರೆ. ಇನ್ನು ಗಂಡನ ಮರೆಮಾಚುವಿಕೆಯನ್ನು ಯಾರೂ ಕೇಳುವದೇ ಇಲ್ಲ. ಹೆಂಡತಿಯು ಮುಚ್ಚಿಡುವದು ಉಳಿತಾಯವನ್ನು. ಗಂಡನು ಮುಚ್ಚಿಡುವದು ಹೆಚ್ಚಾಗಿ ಸಾಲವನ್ನು. ಇವೆರಡರಲ್ಲಿ ಮನೆಯನ್ನು ಮುರಿಯುವದು ಯಾವದೆಂದು ನಮ್ಮ ವಾಚಕರಿಗೆ ಹೇಳಬೇಕಾಗಿಲ್ಲ.

ಹಾಗಾದರೆ ಎಲ್ಲಾ ಹಣವನ್ನು ಒಂದೇ ಖಾತೆಯಲ್ಲಿ ಹಾಕಿ ಇಬ್ಬರೂ ನೋಡುವಂತೆ ಇಡುವದು ಮೇಲೋ? ಈ ವಿಷಯವನ್ನು ಅಮೇರಿಕಾ ದೇಶದ ಪಂಡಿತರು ಪರೀಕ್ಷಿಸಿ ನೋಡಿದ್ದಾರೆ. ಮದುವೆ ನಿಶ್ಚಯವಾದ ಅಥವಾ ಹೊಸದಾಗಿ ಮದುವೆಯಾದ 230 ಜೋಡಿಗಳನ್ನು ಆರಿಸಿ, ಚೀಟಿ ಎತ್ತಿದ ಹಾಗೆ ಮೂರು ಪಂಗಡ ಮಾಡಿ, ಒಂದು ಪಂಗಡದವರಿಗೆ ಜಂಟಿ ಖಾತೆಯನ್ನು ಇಡಲೂ ಇನ್ನೊಂದು ಪಂಗಡದವರಿಗೆ ಬೇರೆ ಬೇರೆ ಖಾತೆಗಳನ್ನು ಇಡಲೂ ಹೇಳಿ, ಮೂರನೆಯವರನ್ನು ಅವರ ಇಷ್ಟಕ್ಕೆ ಬಿಟ್ಟು, ಎರಡು ವರುಷ ವಿಚಾರಿಸುತ್ತಾ ಬಂದರು. ಮದುವೆಯ ಹೊಸತನವು ಕಳೆದಂತೆ ಒಲುಮೆಯೂ ಸ್ವಲ್ಪ ಸ್ವಲ್ಪ ಇಳಿಯುವದು ಲೋಕದಲ್ಲಿ ಸಾಮಾನ್ಯ. ಜಂಟಿ ಖಾತೆಯವರಲ್ಲಿ ಆ ಇಳಿತವು ಕಾಣಲಿಲ್ಲವೆಂದು 2023ರಲ್ಲಿ ಪ್ರಕಟಿಸಿದರು. ಬೇರೆ ಕೆಲವರು 2019ರಲ್ಲಿ ಪ್ರಕಟಿಸಿದ ಇನ್ನೊಂದು ಸಂಗತಿಯುಂಟು: ಜಂಟಿ ಖಾತೆಯಿಂದ ವೆಚ್ಚಮಾಡುವವರು ಭೋಗದ ವಸ್ತುಗಳಿಗಿಂತ ಉಪಯುಕ್ತವಾದವುಗಳನ್ನೇ ಕೊಳ್ಳುವರಂತೆ, ಯಾಕಂದರೆ ಜೊತೆಯವರಿಗೆ ಕಾರಣ ಹೇಳಬೇಕಾಗುತ್ತದೆಂಬ ಎಚ್ಚರವು ಅವರಲ್ಲಿರುವದು.

ಇದು ಒಳ್ಳೆಯ ಸಾಕ್ಷಿಯೇ. ಆದರೆ ಅದನ್ನು ನಮ್ಮ ಮನೆಗಳಿಗೆ ಅನ್ವಯಿಸುವ ಮೊದಲು ಸ್ವಲ್ಪ ನಿಲ್ಲಬೇಕು. ಕಾರಣ ಹೇಳಬೇಕೆಂಬ ಎಚ್ಚರವು ಇಬ್ಬರಲ್ಲಿಯೂ ಇದ್ದರೆ ಅದು ಮಿತವ್ಯಯಕ್ಕೆ ದಾರಿ. ಒಬ್ಬರಲ್ಲಿ ಮಾತ್ರ ಇದ್ದರೆ ಅದಕ್ಕೆ ಹೆದರಿಕೆ ಎಂದು ಹೆಸರು. ಈ ಕಾಲದಲ್ಲಿ ಖಾತೆಯಿಂದ ಒಂದು ರೂಪಾಯಿ ಹೋದರೂ ಮೊಬೈಲಿಗೆ ಸಂದೇಶ ಬರುತ್ತದಷ್ಟೆ. ಆ ಮೊಬೈಲ್ ನಂಬರು ಯಾರದು? ಹೆಚ್ಚು ಮನೆಗಳಲ್ಲಿ ಗಂಡನದು. ಹೆಂಡತಿಯು ಪೇಟೆಯಲ್ಲಿ 40 ರೂಪಾಯಿಗೆ ಮಲ್ಲಿಗೆ ಕೊಂಡರೆ ಅವನ ಕಿಸೆಯಲ್ಲಿ ಗಂಟೆ ಬಾರಿಸುವದು. ಅವನು ಹೋಟೆಲಿನಲ್ಲಿ 400 ಕೊಟ್ಟರೆ ಆ ಗಂಟೆಯೂ ಅವನ ಕಿಸೆಯಲ್ಲಿಯೇ. ಸಾಯಂಕಾಲ ಮನೆಗೆ ಬಂದು, "ಏನೇ, ಇವತ್ತು ಪೇಟೆಯಲ್ಲಿ ಬಹಳ ಖರ್ಚೋ?" ಎಂದು ನಗುತ್ತಾ ಕೇಳಿದರೂ, ಅವಳು ಮರುದಿನದಿಂದ ಹೂ ಬಿಡುವಳು. ಇಂಥ ಮನೆಯಲ್ಲಿ ಖಾತೆಯು ಜಂಟಿಯಾಗಿರಬಹುದು, ಕಾವಲು ಮಾತ್ರ ಒಬ್ಬನದೇ.

ಇದಕ್ಕೆ ಪರಿಹಾರವು ಕಠಿನವಲ್ಲ. ಸಂದೇಶವು ಇಬ್ಬರಿಗೂ ಬರುವಂತೆ ಬ್ಯಾಂಕಿನಲ್ಲಿ ಕೇಳಬಹುದು. ಆಗದಿದ್ದರೆ ತಿಂಗಳಿಗೊಮ್ಮೆ ಪಾಸುಪುಸ್ತಕವನ್ನು ಅಚ್ಚುಮಾಡಿಸಿ ತಂದು ಇಬ್ಬರೂ ಕೂತು ಓದಬಹುದು. ಇದಲ್ಲದೆ, ಇಷ್ಟು ಹಣದವರೆಗೆ ಒಬ್ಬರನ್ನೊಬ್ಬರು ಕೇಳತಕ್ಕದ್ದಲ್ಲ, ಅದರ ಮೇಲಾದರೆ ಹೇಳಿಯೇ ಮಾಡತಕ್ಕದ್ದು, ಎಂದು ಮೊದಲೇ ಒಂದು ಗಡಿಯನ್ನು ಹಾಕಿಕೊಂಡ ದಂಪತಿಗಳನ್ನು ನಾವು ಬಲ್ಲೆವು. ಕೂಲಿಯ ಮನೆಯಲ್ಲಿ ಅದು 200 ರೂಪಾಯಿ ಇರಬಹುದು, ಉಪಾಧ್ಯಾಯರ ಮನೆಯಲ್ಲಿ 2,000 ಇರಬಹುದು. ಗಡಿಯು ಇಬ್ಬರಿಗೂ ಒಂದೇ ಆಗಿರಬೇಕೆಂಬದೇ ಮುಖ್ಯ. ಇನ್ನು ಕೆಲವರು ಇಬ್ಬರ ಸಂಬಳದಿಂದ ಮನೆವಾರ್ತೆಗೆ ಬೇಕಾದಷ್ಟನ್ನು ಜಂಟಿ ಖಾತೆಗೆ ಹಾಕಿ, ಸ್ವಲ್ಪವನ್ನು ತಮ್ಮ ತಮ್ಮ ಹೆಸರಿನಲ್ಲಿ ಬಿಟ್ಟುಕೊಳ್ಳುವರು. ಇದರಲ್ಲಿ ಒಬ್ಬರಿಗೆ 40,000 ಸಂಬಳವೂ ಇನ್ನೊಬ್ಬರಿಗೆ 10,000 ಸಂಬಳವೂ ಇರುವಾಗ, ತಲಾ 8,000 ಹಾಕೋಣವೆಂಬದು ಸಮಾನತೆಯಂತೆ ಕಾಣುವದು, ಆದರೆ ಸಮಾನತೆಯಲ್ಲ. ಒಬ್ಬರಲ್ಲಿ 32,000 ಉಳಿಯುವದು, ಇನ್ನೊಬ್ಬರಲ್ಲಿ 2,000. ಸಂಬಳದ ಐದರಲ್ಲಿ ಎರಡು ಪಾಲೆಂದರೆ ಒಬ್ಬರು 16,000, ಇನ್ನೊಬ್ಬರು 4,000 ಹಾಕುವರು. ಮನೆಗೆ ಬರುವದು ಇದರಿಂದ 20,000; ಒಬ್ಬರ ಭಾರವು ಇನ್ನೊಬ್ಬರ ಭಾರಕ್ಕಿಂತ ಹೆಚ್ಚೆಂದು ಅನ್ನಿಸುವದಿಲ್ಲ.

ಗಂಡಹೆಂಡರ ಜಗಳ ಉಂಡು ಮಲಗುವ ತನಕ ಎಂದು ಗಾದೆಯುಂಟು. ಹಣದ ಜಗಳಕ್ಕೆ ಈ ಗಾದೆ ಸಲ್ಲುವದಿಲ್ಲವೆಂದು ನಮ್ಮ ಅನುಭವ. ಅದು ಉಣ್ಣುವಾಗಲೂ ಇರುವದು, ಮಲಗಿದ ಮೇಲೂ ಇರುವದು. ಯಾಕಂದರೆ ಅದರಲ್ಲಿ ಹಣವು ಹೊರಗಿನ ಸಿಪ್ಪೆ; ಒಳಗಿರುವದು ನನ್ನನ್ನು ನಂಬುತ್ತೀಯೋ ಇಲ್ಲವೋ ಎಂಬದು.

ಜಂಟಿ ಖಾತೆಯು ಎಲ್ಲಾ ಮನೆಗಳಿಗೂ ತಕ್ಕದ್ದಲ್ಲವೆಂಬದನ್ನೂ ನಾವು ಮುಚ್ಚುಮರೆಯಿಲ್ಲದೆ ಹೇಳಬೇಕು. ದಂಪತಿಗಳು ಒಂದಾಗಿರಬೇಕೆಂಬ ಮಾತನ್ನು ಹಿಡಿದು, ಬೇರೆ ಖಾತೆಯನ್ನು ಇಟ್ಟುಕೊಂಡ ಹೆಂಡತಿಯನ್ನು ಅವಿಧೇಯಳೆಂದು ದೂರುವವರು ನಮ್ಮಲ್ಲಿ ಇದ್ದಾರೆ. ಮಧ್ಯಪ್ರದೇಶದಲ್ಲಿ ನಡೆದ ಒಂದು ಪರೀಕ್ಷೆಯನ್ನು ಅವರು ಗಮನಿಸಲಿ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ಸ್ತ್ರೀಯರ ಕೂಲಿಯು ಅಲ್ಲಿ ಹೆಚ್ಚಾಗಿ ಮನೆಯ ಗಂಡಸಿನ ಖಾತೆಗೆ ಬೀಳುತ್ತಿತ್ತು. 197 ಗ್ರಾಮಪಂಚಾಯಿತಿಗಳನ್ನು ತೆಗೆದುಕೊಂಡು, ಕೆಲವುಗಳಲ್ಲಿ ಸ್ತ್ರೀಯರಿಗೆ ಸ್ವಂತ ಖಾತೆಯನ್ನು ತೆರೆಸಿ, ಅದನ್ನು ನಡಿಸುವ ರೀತಿಯನ್ನು ಕಲಿಸಿ, ಕೂಲಿಯು ನೇರವಾಗಿ ಅದಕ್ಕೇ ಬೀಳುವಂತೆ ಮಾಡಿದರು. ಬರೇ ಖಾತೆ ಸಿಕ್ಕಿದವರಿಗಿಂತ ಇವರು ಹೆಚ್ಚಾಗಿ ಕೆಲಸಕ್ಕೆ ಹೋದರು. ಸರಕಾರದ ಕೆಲಸಕ್ಕೆ ಮಾತ್ರವಲ್ಲದೆ ಹೊರಗಿನ ಕೆಲಸಕ್ಕೂ ಹೋದರೆಂದು 2021ರಲ್ಲಿ ಪ್ರಕಟವಾದ ಬರಹದಿಂದ ತಿಳಿಯುತ್ತದೆ. ಕೂಲಿಯು ತನ್ನ ಕೈಗೆ ಬರುವದಾದರೆ ದುಡಿಯಲು ಮನಸ್ಸು ಬರುವದು ಸ್ತ್ರೀಪುರುಷರೆಂಬ ಭೇದವಿಲ್ಲದೆ ಎಲ್ಲರಿಗೂ ಸಹಜ. ನಮ್ಮ ಕರ್ನಾಟಕದ ಸರಕಾರವು 2023ರಲ್ಲಿ ಗೃಹಲಕ್ಷ್ಮಿ ಎಂಬ ಯೋಜನೆಯನ್ನು ಆರಂಭಿಸಿದಾಗ, ತಿಂಗಳಿನ 2,000 ರೂಪಾಯಿಯನ್ನು ಮನೆಯ ಯಜಮಾನಿಯ ಖಾತೆಗೇ ಹಾಕಬೇಕೆಂದು ಗೊತ್ತುಮಾಡಿದ್ದರಲ್ಲಿ ಇದೇ ಅಭಿಪ್ರಾಯವಿತ್ತು. ಆದರೂ ಖಾತೆ ಅವಳದಾಗಿದ್ದು ಕಾರ್ಡು ಅವನ ಕಿಸೆಯಲ್ಲಿದ್ದರೆ ಏನು ಬಂತು?

ಗಂಡನು ಕುಡುಕನೋ ಜೂಜುಗಾರನೋ ಆಗಿದ್ದರೆ, ಅಥವಾ ಹೆಂಡತಿಯೇ ಚೀಟಿ ಸಾಲಗಳಲ್ಲಿ ಸಿಕ್ಕಿಕೊಂಡವಳಾಗಿದ್ದರೆ (ಇಂಥ ಸಂಗತಿಯೂ ಇಲ್ಲದಿಲ್ಲ), ಮಕ್ಕಳ ಅನ್ನದ ಹಣವನ್ನು ಅವರ ಕೈಗೆ ಸಿಗುವ ಖಾತೆಯಲ್ಲಿ ಇಡುವದು ಪ್ರೀತಿಯೂ ಅಲ್ಲ, ವಿಧೇಯತೆಯೂ ಅಲ್ಲ. ಅಂಥವರು ಬೇರೆ ಖಾತೆಯನ್ನು ಇಟ್ಟುಕೊಳ್ಳಲಿ. ಅದನ್ನು ಬಚ್ಚಿಡದೆ, ಸಾಧ್ಯವಾದರೆ ಹಿರಿಯರೊಬ್ಬರ ಮುಂದೆ, "ಈ ಹಣವು ಮಕ್ಕಳದು, ಇದನ್ನು ನಾನು ಇಲ್ಲಿ ಇಟ್ಟಿದ್ದೇನೆ" ಎಂದು ಹೇಳಿಯೇ ಇಟ್ಟುಕೊಳ್ಳಲಿ. ಹೇಳಿದರೆ ಹೊಡೆತ ಬೀಳುವದಾದರೆ ಹೇಳಬೇಕೆಂದು ನಾವು ಒತ್ತಾಯಿಸುವದಿಲ್ಲ. ಇದನ್ನು ಓದಿ ಕೆಲವು ಸಹೋದರರು ನಮ್ಮ ಮೇಲೆ ಬೇಸರಪಟ್ಟಾರು. ಬೇರೆ ದಾರಿಯು ನಮಗೆ ಕಾಣುವದಿಲ್ಲ.

ಒಂದೇ ಖಾತೆಗೆ ಒಂದೇ ಕಾರ್ಡು ಇಟ್ಟುಕೊಂಡು ಇಬ್ಬರೂ ಉಪಯೋಗಿಸುವ ರೂಢಿಯ ವಿಷಯದಲ್ಲಿ ಎರಡು ಮಾತು. 2013ರಲ್ಲಿ ಬೆಂಗಳೂರಿನಲ್ಲಿ ಒಬ್ಬ ಬಾಣಂತಿಯು ಮನೆಯಿಂದ ಹೊರಡಲಾರದೆ ತನ್ನ ಎ.ಟಿ.ಎಂ. ಕಾರ್ಡನ್ನೂ ಗುಪ್ತಸಂಖ್ಯೆಯನ್ನೂ ಗಂಡನಿಗೆ ಕೊಟ್ಟು 25,000 ರೂಪಾಯಿ ತರಲು ಕಳುಹಿಸಿದಳು. ಯಂತ್ರದಿಂದ ಚೀಟಿ ಬಂತು, ಹಣ ಬರಲಿಲ್ಲ; ಖಾತೆಯಲ್ಲಿ ಮಾತ್ರ ಕಡಿತವಾಗಿತ್ತು. ಆಕೆಯು ಗ್ರಾಹಕರ ನ್ಯಾಯಸ್ಥಾನಕ್ಕೆ ಹೋದಳು. ಐದು ವರುಷಗಳ ತರುವಾಯ, 2018ರಲ್ಲಿ, ಗುಪ್ತಸಂಖ್ಯೆಯನ್ನು ಮತ್ತೊಬ್ಬರಿಗೆ, ಗಂಡನಿಗೂ ಸಹ, ಕೊಡಕೂಡದೆಂಬ ನಿಯಮವನ್ನು ಮೀರಿದ್ದರಿಂದ ಆಕೆಗೆ ಪರಿಹಾರವಿಲ್ಲವೆಂದು ತೀರ್ಪಾಯಿತು. ಮದುವೆಯಲ್ಲಿ ಇಬ್ಬರು ಒಂದಾದರೆಂದು ನಾವು ಹೇಳುತ್ತೇವೆ. ಬ್ಯಾಂಕಿನ ನಿಯಮವು ಇಬ್ಬರನ್ನೂ ಇಬ್ಬರೆಂದೇ ಎಣಿಸುತ್ತದೆ. ಕಠಿನವೆಂದು ತೋರಿದರೂ ಇದರಲ್ಲಿ ಒಂದು ಉಪಕಾರವಿದೆ. ಇಬ್ಬರಲ್ಲಿ ಯಾರಾದರೂ ನಡಿಸುವ ಜಂಟಿ ಖಾತೆಗೆ ಇಬ್ಬರಿಗೂ ಬೇರೆ ಬೇರೆ ಕಾರ್ಡುಗಳನ್ನು ಕೇಳಿ ಪಡೆಯಬಹುದು. ಹಾಗೆ ಪಡೆದಿದ್ದರೆ ಆ ಗಂಡನು ತನ್ನ ಸ್ವಂತ ಕಾರ್ಡಿನಿಂದಲೇ ಹಣ ತೆಗೆಯುತ್ತಿದ್ದನು, ಯಾರೂ ಆಕ್ಷೇಪಿಸುತ್ತಿರಲಿಲ್ಲ.

ಕಡೆಯದಾಗಿ, ಯಾರೂ ಮಾತಾಡಲು ಮನಸ್ಸು ಮಾಡದ ಒಂದು ಸಂಗತಿ ಉಳಿದಿದೆ. "ಉಳಿದವರು" ಎಂಬ ಪದವು ಅರ್ಜಿಯಲ್ಲಿ ಸುಮ್ಮನೆ ಬರೆದದ್ದಲ್ಲ. ಇಬ್ಬರಲ್ಲಿ ಒಬ್ಬರು ತೀರಿಹೋದಾಗ, ಕೋರ್ಟಿನ ತಡೆಯಾಜ್ಞೆ ಇಲ್ಲದಿದ್ದರೆ, ಬ್ಯಾಂಕಿನವರು ವಾರಸಾ ಪತ್ರವನ್ನು ಕೇಳದೆ ಉಳಿದವರಿಗೆ ಹಣವನ್ನು ಕೊಡುವರು. ಹೂಳುವ ವೆಚ್ಚಕ್ಕೂ ಆ ತಿಂಗಳಿನ ಅಕ್ಕಿಗೂ ಪರದಾಡುವ ಮನೆಗೆ ಇದು ದೊಡ್ಡ ಸಹಾಯ. ಆದರೆ ಹಣವನ್ನು ಪಡೆದವಳು ಅದರ ಸಂಪೂರ್ಣ ಒಡತಿಯಾದಳೆಂದು ತಿಳಿಯಬಾರದು. ತೀರಿಹೋದವನ ಪಾಲನ್ನು ಆಕೆಯು ವಾರಸುದಾರರ ಪರವಾಗಿ ಹಿಡಿದಿರುವವಳು. ಮರಣಶಾಸನವಿಲ್ಲದೆ ತೀರಿಹೋದ ಕ್ರೈಸ್ತನಿಗೆ ಮಕ್ಕಳಿದ್ದರೆ, 1925ರ ಕಾಯಿದೆಯ ಮೇರೆಗೆ ಹೆಂಡತಿಗೆ ಮೂರರಲ್ಲಿ ಒಂದು ಪಾಲು, ಮಕ್ಕಳಿಗೆ ಎರಡು ಪಾಲು. ನಾಮಿನಿಯ ಸಂಗತಿಯೂ ಹೀಗೆಯೇ. ನಾಮಿನಿಯು ಹಣವನ್ನು ಪಡೆಯುವ ಕೈಯೇ ಹೊರತು ಅದರ ಒಡೆಯನಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ಹೇಳಿದೆ. 2025ನೇ ನವಂಬರ 1ರಿಂದ ಒಂದು ಖಾತೆಗೆ ನಾಲ್ಕು ಮಂದಿಯವರೆಗೂ ನಾಮಿನಿಗಳನ್ನು ಹೆಸರಿಸಬಹುದಾಗಿದೆ. ಹಳೆಯ ಖಾತೆಗಳಲ್ಲಿ ಈ ಜಾಗವನ್ನು ಖಾಲಿ ಬಿಟ್ಟವರು ಬಹಳ ಮಂದಿ. ಮದುವೆಗೆ ಮುಂಚೆ ತೆರೆದ ಖಾತೆಯಲ್ಲಿ ತೀರಿಹೋದ ತಾಯಿಯ ಹೆಸರನ್ನೇ ಉಳಿಸಿಕೊಂಡವರೂ ಉಂಟು.

ಇಬ್ಬರು ವಿಧವೆಯರನ್ನು ನಾವು ಬಲ್ಲೆವು. ಒಬ್ಬಾಕೆಯು ಗಂಡನು ತೀರಿಹೋದ ಮೂರನೆಯ ವಾರದಲ್ಲಿ ನೆರೆಯವನ ಮಗನನ್ನು ಕರಕೊಂಡು ಮೊದಲನೆಯ ಸಾರಿ ಬ್ಯಾಂಕಿನ ಮೆಟ್ಟಲು ಹತ್ತಿದಳು. ಖಾತೆಯು ಯಾವ ಶಾಖೆಯಲ್ಲಿದೆ ಎಂಬದು ಆಕೆಗೆ ತಿಳಿದಿರಲಿಲ್ಲ. ಗಂಡನು ಕೆಟ್ಟವನಾಗಿರಲಿಲ್ಲ, ಆಕೆಗೆ ತೊಂದರೆಯಾಗಬಾರದೆಂದು ಎಲ್ಲವನ್ನೂ ತಾನೇ ನೋಡಿಕೊಳ್ಳುತ್ತಿದ್ದನು. ಇನ್ನೊಬ್ಬಾಕೆಯ ಗಂಡನು ಹೊಲದ ಕೆಲಸದವನು, ಅಷ್ಟೇನೂ ಓದಿದವನಲ್ಲ. ಅವನು ಪ್ರತಿ ತಿಂಗಳೂ ಸಂತೆಯ ದಿನ ಆಕೆಯನ್ನು ಬ್ಯಾಂಕಿಗೆ ಕಳುಹಿಸಿ ತಾನು ಹೊರಗೆ ಎತ್ತುಗಳ ಬಳಿಯಲ್ಲಿ ನಿಲ್ಲುತ್ತಿದ್ದನು. ಗಂಡನು ತೀರಿಹೋದ ತರುವಾಯ ಆಕೆಯು ಬ್ಯಾಂಕಿಗೆ ಹೋದಾಗ ಗುಮಾಸ್ತನು ಆಕೆಯ ಹೆಸರು ಹಿಡಿದು ಕರೆದು, ಕುರ್ಚಿ ಕೊಟ್ಟು, "ಯಜಮಾನರು ಹೊರಗಿದ್ದಾರೋ, ಅಮ್ಮಾ?" ಎಂದು ಕೇಳಿದನು. ಅವನಿಗೆ ಇನ್ನೂ ಸುದ್ದಿ ತಿಳಿದಿರಲಿಲ್ಲ.